ಗುಲಗಂಜಿಯ ತೂಕ: ಬೇಲಿಯ ಬಳ್ಳಿ ಮತ್ತು ಬಂಗಾರದ ತಕ್ಕಡಿ

ದಾವಣಗೆರೆಯ ಹಳೆಯ ಊರಿನೊಳಗಿರುವ ಮಂಡಿಪೇಟೆಯ ಹೆಸರಿನಲ್ಲಿಯೇ ತೂಕದ ಕಸುಬು ಅಡಗಿದೆ. ಮಂಡಿ ಎಂದರೆ ಹಳ್ಳಿಗಳಿಂದ ಬಂದ ಸರಕನ್ನು ಸಗಟಾಗಿ ಇಳಿಸಿಕೊಂಡು, ತೂಗಿ, ಬೆಲೆ ಕಟ್ಟಿ, ದಲಾಲರ ಮೂಲಕ ಕೈ ಬದಲಿಸುವ ಅಂಗಡಿ. ಪೇಟೆ ಎಂದರೆ ಅಂತಹ ಅಂಗಡಿಗಳು ಒತ್ತಾಗಿ ನೆಲೆಸಿದ ಕೇರಿ. ಇಂತಹ ಊರುಗಳಲ್ಲಿ ಹಿಂದಿನಿಂದಲೂ ಎರಡು ಬಗೆಯ ತಕ್ಕಡಿಗಳು ಅಕ್ಕಪಕ್ಕದಲ್ಲಿಯೇ ಬಾಳಿವೆ. ಅಡಿಕೆ, ಮೆಣಸು, ಹತ್ತಿ, ಕಾಳುಕಡಿಗಳನ್ನು ಮಣ ಮತ್ತು ಸೇರುಗಳ ಲೆಕ್ಕದಲ್ಲಿ ತೂಗುವ, ತೊಲೆಗೆ ನೇತುಹಾಕಿದ ದೊಡ್ಡ ತಕ್ಕಡಿ ಒಂದಾದರೆ, ಚಿನ್ನಬೆಳ್ಳಿಯನ್ನು ಪರೀಕ್ಷಿಸಿ ವ್ಯಾಪಾರ ಮಾಡುವ ಚಿನಿವಾರನ, ಅಥವಾ ಒಡವೆ ಮಾಡುವ ಪತ್ತಾರನ ಎರಡು ಬೆರಳ ನಡುವೆ ಹಿಡಿದು ಎತ್ತುವ ಚಿಕ್ಕ ತಕ್ಕಡಿ ಇನ್ನೊಂದು. ದೊಡ್ಡ ತಕ್ಕಡಿಯ ತೂಕದ ಕಲ್ಲುಗಳು ಕಬ್ಬಿಣದವು ಅಥವಾ ಶಿಲೆಯವು. ಅವುಗಳಿಗೆ ಆಳುವವರ ಮುದ್ರೆ ಬೀಳುತ್ತಿತ್ತು. ಚಿಕ್ಕ ತಕ್ಕಡಿಯ ಕಟ್ಟಕಡೆಯ ತೂಕವಾದರೋ ಯಾವ ಮುದ್ರೆಯೂ ಇಲ್ಲದೆ, ಊರಾಚೆಯ ಬೇಲಿಯಲ್ಲಿ ತಾನಾಗಿ ಹಬ್ಬಿ ಕಾಯಿ ಬಿಡುವ ಬಳ್ಳಿಯೊಂದರಿಂದ ಬರುತ್ತಿತ್ತು. ಆ ಬಳ್ಳಿ ಗುಲಗಂಜಿ.

ಯಾರೂ ಬಿತ್ತದ, ಯಾರೂ ನೀರೆರೆಯದ ಹಂಬೊಂದರ ಬೀಜವು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಈ ದೇಶದ ಬಂಗಾರವನ್ನು ಅಳೆದದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ಆ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ನಾಣ್ಯಶಾಸ್ತ್ರಜ್ಞರಾದುದರಿಂದ ಅವರ ಗಮನ ಬೀಜದ ತೂಕದ ಮೇಲೆ ನಿಂತಿತೇ ಹೊರತು, ಬಳ್ಳಿಯನ್ನು ಗುರುತಿಸಿ, ಬಲಿತ ಕಾಯಿಯನ್ನು ಆಯ್ದು, ಒಳ್ಳೆಯ ಬೀಜವನ್ನು ಕೆಟ್ಟದ್ದರಿಂದ ಬೇರ್ಪಡಿಸಿದ ಕೈಗಳ ಮೇಲೆ ನಿಲ್ಲಲಿಲ್ಲ. ತಕ್ಕಡಿಯ ನಂಬಿಕೆ ಆರಂಭವಾಗುತ್ತಿದ್ದುದು ಆ ಕೈಗಳಲ್ಲಿ ಎಂಬುದನ್ನು ತಿಳಿಯಬೇಕಾದರೆ ಮೊದಲು ಬಳ್ಳಿಯ ಬಳಿಗೇ ಹೋಗಬೇಕಾಗುತ್ತದೆ.

ಗುಲಗಂಜಿಯು ಅವರೆ, ತೊಗರಿ, ಹುಣಸೆಗಳು ಸೇರಿರುವ ದ್ವಿದಳ ಸಸ್ಯಗಳ ಕುಟುಂಬಕ್ಕೆ ಸೇರಿದ, ಹಲವು ವರ್ಷ ಬದುಕುವ ಹಂಬು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಆಬ್ರಸ್ ಪ್ರೆಕಟೋರಿಯಸ್. ಎರಡನೆಯ ಪದವು ಪ್ರಾರ್ಥನೆ ಎಂಬ ಅರ್ಥದ ಲ್ಯಾಟಿನ್ ಮೂಲದ್ದಾಗಿದ್ದು, ಇದರ ಬೀಜಗಳನ್ನು ಜಪಮಾಲೆಗೆ ಪೋಣಿಸುತ್ತಿದ್ದ ರೂಢಿಯನ್ನು ಸೂಚಿಸುತ್ತದೆ. ಕುಂಬಳ, ಹೀರೆಗಳಿಗಿರುವಂತೆ ಆಸರೆಯನ್ನು ಹಿಡಿದುಕೊಳ್ಳುವ ಸುರುಳಿಕುಡಿಗಳು ಇದಕ್ಕಿಲ್ಲ. ತೆಳ್ಳನೆಯ ಕಾಂಡವೇ ಕಳ್ಳಿ, ಕಾರೆ, ಜಾಲಿಗಳನ್ನು ಸುತ್ತಿಕೊಂಡು ಮೇಲೇರುತ್ತದೆ, ಬುಡ ವರ್ಷ ಕಳೆದಂತೆ ಗಟ್ಟಿಯಾಗಿ ಕಟ್ಟಿಗೆಯಂತಾಗುತ್ತದೆ. ಎಲೆಯ ನಡುದಂಟಿನ ಎರಡೂ ಬದಿಯಲ್ಲಿ 8ರಿಂದ 20 ಜೊತೆ ಕಿರುಎಲೆಗಳು ಎದುರುಬದುರಾಗಿ ಕೂತಿರುತ್ತವೆ. ದಂಟಿನ ತುದಿಯಲ್ಲಿ ಒಂಟಿ ಎಲೆಯಿರುವುದಿಲ್ಲ, ಚಿಕ್ಕ ಬಿರುಗೂದಲಿನಂತಹ ಮೊನೆಯಿರುತ್ತದೆ. ಕತ್ತಲಾದೊಡನೆ ಈ ಕಿರುಎಲೆಗಳು ಜೋತುಬೀಳುತ್ತವೆ, ಬೆಳಕು ಹರಿದಾಗ ಮತ್ತೆ ಬಿಡಿಸಿಕೊಳ್ಳುತ್ತವೆ. 19ನೆಯ ಶತಮಾನದ ಕೊನೆಯಲ್ಲಿ ನೊವಾಕ್ ಎಂಬ ಆಸ್ಟ್ರಿಯದವನೊಬ್ಬ ಈ ಚಲನೆಯನ್ನು ನೋಡಿ ಮಳೆ, ಬಿರುಗಾಳಿ, ಭೂಕಂಪಗಳನ್ನೂ ಮುಂದಾಗಿ ಹೇಳಬಹುದೆಂದು ವಾದಿಸಿದ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಬಳ್ಳಿಯನ್ನು ಬೆಳೆಸಿ ಪರೀಕ್ಷಿಸಿದಾಗ ಎಲೆಗಳು ಬೆಳಕಿಗೂ ಶಾಖಕ್ಕೂ ಸ್ಪಂದಿಸುತ್ತವೆಯೇ ಹೊರತು ಹವಾಮಾನದ ಭವಿಷ್ಯವನ್ನು ಹೇಳುವುದಿಲ್ಲವೆಂದು ಗೊತ್ತಾಯಿತು.

ಕಾಯಿಲ್ಲದ ಕಾಲದಲ್ಲಿ ಗುಲಗಂಜಿಯ ಎಳೆಬಳ್ಳಿಯನ್ನು ಹುಣಸೆಯ ಸಸಿಯೆಂದು ತಿಳಿಯುವುದು ಸುಲಭ, ಏಕೆಂದರೆ ಹುಣಸೆಯ ಎಲೆಯೂ ಜೊತೆಜೊತೆಯಾಗಿ ಕೂತು ತುದಿಯೆಲೆಯಿಲ್ಲದೆ ಮುಗಿಯುತ್ತದೆ. ಇಲ್ಲಿ ಗುರುತು ಹಿಡಿಯಲು ಹಳ್ಳಿಗರು ನೆಚ್ಚುವುದು ಕಣ್ಣಿಗಿಂತ ನಾಲಿಗೆಯನ್ನು. ಹುಣಸೆಯ ಚಿಗುರು ಹುಳಿ. ಗುಲಗಂಜಿಯ ಎಲೆಯನ್ನು ಜಗಿದರೆ ಮೊದಲು ಹಸಿಸೊಪ್ಪಿನ ಒಗರು, ಅನಂತರ ಬಾಯ್ತುಂಬ ನಿಧಾನವಾಗಿ ಹರಡಿ ಬಹಳ ಹೊತ್ತು ಉಳಿಯುವ ಸಿಹಿ. ಈ ಸಿಹಿಗೆ ಎಲೆಯಲ್ಲಿರುವ, ಸಕ್ಕರೆಗಿಂತ ಅನೇಕ ಪಟ್ಟು ಸಿಹಿಯಾದ ಕೆಲವು ಗ್ಲೈಕೋಸೈಡ್‌ಗಳು, ಅಂದರೆ ಸಕ್ಕರೆಯ ಅಣು ಅಂಟಿಕೊಂಡಿರುವ ಸಸ್ಯಜನ್ಯ ಸಂಯುಕ್ತಗಳು ಕಾರಣವೆಂದು ರಸಾಯನಶಾಸ್ತ್ರಜ್ಞರು ಕಂಡುಕೊಂಡದ್ದು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ. ಬೇರಿನಲ್ಲಿಯೂ ಜ್ಯೇಷ್ಠಮಧುವಿನ ರುಚಿಯಿರುವುದರಿಂದ ಅದನ್ನು ಜ್ಯೇಷ್ಠಮಧುವಿಗೆ ಬದಲಾಗಿ ಮಾರಿದ್ದುಂಟು.

ಮಳೆಗಾಲದ ಕೊನೆಯ ಹೊತ್ತಿಗೆ ತಿಳಿಗೆಂಪು ಅಥವಾ ನಸುನೇರಳೆ ಬಣ್ಣದ ಚಿಕ್ಕ ಹೂಗಳು ಗೊಂಚಲಾಗಿ ಬಿಡುತ್ತವೆ. ಬೆರಳಿನ ಎರಡು ಗೆಣ್ಣುಗಳಿಗಿಂತ ಉದ್ದವಾಗದ ಕಾಯಿಯ ತುದಿ ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಚಳಿಗಾಲದಲ್ಲಿ ಕಾಯಿ ಒಣಗಿ, ಸಿಡಿದು, ಎರಡು ಹೋಳಾಗಿ ಹಿಂದಕ್ಕೆ ಮುರುಟಿಕೊಂಡಾಗ ಒಳಗಿನ ಮೂರೋ ಐದೋ ಬೀಜಗಳು ಉದುರದೆ ಹೋಳಿನ ಅಂಚಿಗೆ ಅಂಟಿಕೊಂಡೇ ಉಳಿಯುತ್ತವೆ. ಎಲೆಯುದುರಿದ ಬೇಲಿಯಲ್ಲಿ ದೂರದಿಂದಲೇ ಕಾಣುವ ಆ ಕೆಂಪನ್ನು ರಸಭರಿತ ಹಣ್ಣೆಂದು ತಿಳಿದು ಹಕ್ಕಿಗಳು ನುಂಗುವುದರಿಂದ ಬೀಜ ದೂರದೂರಕ್ಕೆ ಹರಡುತ್ತದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಬೀಜದ ಮೂರರಲ್ಲಿ ಎರಡು ಪಾಲು ಹೊಳೆಯುವ ಕೆಂಪು, ಉಳಿದದ್ದು ಕಪ್ಪು. ಬೀಜವು ಕಾಯಿಗೆ ಅಂಟಿಕೊಂಡಿದ್ದ ಹೊಕ್ಕುಳಿನ ಗುರುತು ಯಾವಾಗಲೂ ಕಪ್ಪಿನೊಳಗೇ ಇರುತ್ತದೆ. ಬಿಳಿಯ ಬೀಜದ ಬಗೆಯೂ ಇದ್ದು, ಔಷಧಕ್ಕೆ ಅದನ್ನೇ ಮೇಲೆಂದು ಎಣಿಸುವ ರೂಢಿಯಿದೆ.

ಬೀಜವೊಂದೇ ಕೈಗೆ ಸಿಕ್ಕಾಗ ಗೊಂದಲ ಮಾಡುವುದು ಆನೆಗುಲಗಂಜಿ. ಮಂಜಾಡಿ, ಮಂಜಟ್ಟಿ ಎಂಬ ಹೆಸರುಗಳೂ ಇರುವ ಇದು ಬಳ್ಳಿಯಲ್ಲ, ಎತ್ತರದ ಮರ; ಇದರ ಬೀಜ ಅಚ್ಚಕೆಂಪು, ಕಪ್ಪುಕಣ್ಣು ಇಲ್ಲದ್ದು, ಎರಡೂ ಕಡೆ ಉಬ್ಬಿದ ಬಿಲ್ಲೆಯಂತಹದು, ಹೆಚ್ಚುಕಡಿಮೆ ಎರಡು ಗುಲಗಂಜಿಗಳ ತೂಕದ್ದು. ದಕ್ಷಿಣದ ಅಕ್ಕಸಾಲಿಗಳು ಇದನ್ನೂ ತೂಕವಾಗಿ ಬಳಸಿದ್ದಾರೆ. ಆದುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವುದು ಸಸ್ಯಶಾಸ್ತ್ರದ ತಪ್ಪಾಗುವುದಕ್ಕೆ ಮೊದಲು ಹಣದ ತಪ್ಪಾಗುತ್ತಿತ್ತು. ಎರಡರ ಹೆಸರುಗಳನ್ನು ಜನ ಎಚ್ಚರದಿಂದ ಬೇರೆಯಾಗಿ ಇರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ. ದಾವಣಗೆರೆಯಂತಹ ಸಂತೆಯೂರಿನಲ್ಲಿ ಮರಾಠಿಗರು ಗುಂಜ ಎಂದರೂ, ತೆಲುಗರು ಗುರಿವಿಂದ ಎಂದರೂ, ತಮಿಳು ವರ್ತಕರು ಕುಂದುಮಣಿ ಎಂದರೂ ತಟ್ಟೆಯ ಮೇಲೆ ಬೀಳುತ್ತಿದ್ದುದು ಒಂದೇ ಬೀಜ. ಸಂಸ್ಕೃತದಲ್ಲಿ ಇದರ ಕೆಂಪನ್ನು ನೋಡಿ ರಕ್ತಿಕಾ ಎಂದೂ ಕಪ್ಪನ್ನು ನೋಡಿ ಕೃಷ್ಣಲಾ ಎಂದೂ ಕರೆದರು. ಉತ್ತರ ಭಾರತದ ರತ್ತಿ ಎಂಬ ತೂಕದ ಹೆಸರು ರಕ್ತಿಕಾ ಎಂಬುದರಿಂದಲೇ ಬಂದದ್ದು.

ಈ ಬಳ್ಳಿಯ ತವರು ಏಷ್ಯಾ, ಆಫ್ರಿಕಾ ಮತ್ತು ಆಸ್ಟ್ರೇಲಿಯಾದ ಬಿಸಿನಾಡುಗಳು. ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳು ಇದರ ಬೀಜಗಳನ್ನು ಮೇಣದಿಂದ ಅಂಟಿಸಿ ಅಲಂಕಾರದ ಮತ್ತು ಆಚರಣೆಯ ವಸ್ತುಗಳನ್ನು ಮಾಡಿದರು. ಪಶ್ಚಿಮ ಆಫ್ರಿಕಾದ ಅಕಾನ್ ಜನರು ಬಂಗಾರದ ಪುಡಿಯನ್ನೇ ಹಣವಾಗಿ ಬಳಸುತ್ತಿದ್ದ ಕಾಲದಲ್ಲಿ ಅವರ ಅತಿ ಚಿಕ್ಕ ತೂಕವೂ ಇದೇ ಕೆಂಪುಕಪ್ಪಿನ ಬೀಜವಾಗಿತ್ತು. ಬಳ್ಳಿ ತಾನಾಗಿ ಬೆಳೆಯುವ ಎರಡು ದೂರದ ನಾಡುಗಳಲ್ಲಿ ಜನರು ಬಂಗಾರಕ್ಕೆ ಎದುರಾಗಿ ಒಂದೇ ಬೀಜವನ್ನು ಆರಿಸಿಕೊಂಡದ್ದು ಆ ಬೀಜದ ಗುಣದ ಬಗ್ಗೆ ಸಾಕಷ್ಟು ಹೇಳುತ್ತದೆ.

ದಾವಣಗೆರೆ ಸೀಮೆಯಲ್ಲಿ ಗುಲಗಂಜಿಗೆ ಒಗ್ಗುವ ನೆಲವೆಂದರೆ ಕುರುಚಲು ಕಾಡು ಮತ್ತು ಮಳೆಯಾಶ್ರಯದ ಹೊಲಗಳ ಬೇಲಿ. ಹರಿಹರ ಮತ್ತು ದಾವಣಗೆರೆಗಳ ನಡುವಿನ ಕೊಂಡಜ್ಜಿಯ ಗುಡ್ಡಗಳು, ಚನ್ನಗಿರಿ ತಾಲ್ಲೂಕಿನ ಕಾಡುಗಳು, ಜಗಳೂರಿನ ಕಡೆಯ ರಂಗಯ್ಯನದುರ್ಗದ ಒಣಕಾಡು ಇಂತಹ ನೆಲಗಳು. ಅಲ್ಲಿನ ಜನರಿಗೆ ಈ ಬಳ್ಳಿ ಔಷಧವೂ ಹೌದು, ಆಟಿಕೆಯೂ ಹೌದು, ಒಡವೆಯೂ ಹೌದು. ಬಾಯಿಹುಣ್ಣಾದಾಗ, ಗಂಟಲು ಕಟ್ಟಿದಾಗ, ದನಿ ಒಡೆದಾಗ ಎಲೆಯನ್ನು ಜಗಿದು ರಸ ನುಂಗುವುದು ದಕ್ಷಿಣ ಭಾರತದ ಉದ್ದಗಲಕ್ಕೂ ಇರುವ ಮನೆಮದ್ದು. ಅಳಗುಳಿ ಮಣೆಯ ಗುಳಿಗಳಿಗೆ ಹುಣಸೆ ಬೀಜ, ಕವಡೆಗಳ ಜೊತೆಗೆ ಗುಲಗಂಜಿಯನ್ನೂ ಹಾಕಿ ಆಡುತ್ತಿದ್ದರು. ತಮಿಳುನಾಡಿನಲ್ಲಿ ಚೌತಿಯ ಮಣ್ಣಿನ ಗಣಪನಿಗೆ ಕಣ್ಣಾಗಿ ಕೂರಿಸುವುದು ಇದೇ ಬೀಜವನ್ನು. ಕೃಷ್ಣನ ಕೊರಳಿಗೆ ಕವಿಗಳು ತೊಡಿಸಿದ ಗುಂಜಾಮಾಲೆಯೂ ದನ ಕಾಯುವವರ, ಕಾಡು ತಿರುಗುವವರ ಅಲಂಕಾರವೇ ಹೊರತು ಅರಮನೆಯದ್ದಲ್ಲ.

ಆದರೆ ಪಂಡಿತರ ಸಾಹಿತ್ಯವು ಈ ಅಲಂಕಾರವನ್ನು ಗೌರವದಿಂದ ಕಂಡಿಲ್ಲ. ಆನೆಯ ಕುಂಭಸ್ಥಳದಿಂದ ಉದುರಿದ ಮುತ್ತನ್ನು ಎಸೆದು ಗುಲಗಂಜಿಯನ್ನು ಆಯ್ದುಕೊಳ್ಳುವ ಬೇಡಿತಿಯ ಚಿತ್ರವನ್ನು ಸಂಸ್ಕೃತ ಸುಭಾಷಿತಗಳು ಬೆಲೆಯರಿಯದ ಮುಗ್ಧತೆಗೆ ಮಾದರಿಯಾಗಿ ಮತ್ತೆ ಮತ್ತೆ ಬಳಸಿದವು. ಅದೇ ಪರಂಪರೆಯ ಇನ್ನೊಂದು ಕಲ್ಪನೆಯಲ್ಲಿ ಬಂಗಾರವು ತನ್ನನ್ನು ಸುಟ್ಟಿದ್ದಕ್ಕಾಗಲಿ, ಬಡಿದದ್ದಕ್ಕಾಗಲಿ ನೋಯದೆ, ಗುಲಗಂಜಿಯ ಜೊತೆ ತೂಗಿದ್ದಕ್ಕೆ ಮಾತ್ರ ನೋಯುತ್ತದೆ. ಎರಡೂ ಕಲ್ಪನೆಗಳನ್ನು ಒಟ್ಟಿಗೆ ಓದಿದಾಗ ಅನ್ಯಾಯ ಎದ್ದುಕಾಣುತ್ತದೆ: ಕಾಡಿನ ಹೆಣ್ಣು ಆಯ್ದರೆ ಅದು ಅಜ್ಞಾನ, ಪೇಟೆಯ ಚಿನಿವಾರ ಆಯ್ದರೆ ಅದು ಶಾಸ್ತ್ರ. ಬೀಜವನ್ನು ಬಲ್ಲವಳು ಆಯ್ದು ತಂದದ್ದರಿಂದಲೇ ಪೇಟೆಯಲ್ಲಿ ಬಂಗಾರಕ್ಕೆ ಅಳತೆ ಸಿಕ್ಕಿತೆಂಬುದನ್ನು ಹೇಳುವ ಒಂದಾದರೂ ಸುಭಾಷಿತ ಹುಟ್ಟಬೇಕಿತ್ತು. ಚಿತ್ರದುರ್ಗದ ನಾಯಕರ ಆಳ್ವಿಕೆಯಿಂದ ಬೇಡರ ನಾಡೆಂದೇ ಹೆಸರಾದ ಈ ಸೀಮೆಯಲ್ಲಿ ಆ ಮಾತಿಗೆ ಹೆಚ್ಚಿನ ಅರ್ಥವಿದೆ.

ಕಾಡು ಬಲ್ಲವರ ತಿಳಿವಳಿಕೆಯಲ್ಲಿ ಎಲೆಯ ಸಿಹಿಯೊಂದಿಗೆ ಬೀಜದ ವಿಷವೂ ಸೇರಿತ್ತು. ವೈದ್ಯಗ್ರಂಥಗಳು ಅದನ್ನು ಬರೆದಿಟ್ಟವು: ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಗುಂಜೆಯು ಬೇರಿನ ವಿಷಗಳ ಪಟ್ಟಿಯಲ್ಲಿದೆ, ಅನಂತರದ ರಸಶಾಸ್ತ್ರವು, ಅಂದರೆ ಲೋಹ ಮತ್ತು ಖನಿಜಗಳಿಂದ ಔಷಧ ಸಿದ್ಧಪಡಿಸುವ ವಿದ್ಯೆಯು, ಇದನ್ನು ಉಪವಿಷಗಳ ಸಾಲಿಗೆ ಸೇರಿಸಿ, ಬಟ್ಟೆಯಲ್ಲಿ ಕಟ್ಟಿ ಹಸುವಿನ ಹಾಲಿನಲ್ಲಿಯೋ ಹುಳಿಗಂಜಿಯಲ್ಲಿಯೋ ಗಂಟೆಗಟ್ಟಲೆ ಬೇಯಿಸಿ ಶುದ್ಧಿ ಮಾಡದೆ ಬಳಸಕೂಡದೆಂದು ವಿಧಿಸಿತು. ತಲೆಹೊಟ್ಟು ಮತ್ತು ಕೂದಲುದುರುವಿಕೆಗೆ ಹಚ್ಚುವ ಗುಂಜಾತೈಲ ಆ ಪರಂಪರೆಯದು. ಈ ವಿಷವು ಶಾಖಕ್ಕೆ ಕೆಡುವ ಪ್ರೋಟೀನು ಎಂಬುದು ಈಗ ತಿಳಿದಿರುವುದರಿಂದ, ಬಹಳ ಹೊತ್ತು ಬೇಯಿಸುವ ಹಳೆಯ ವಿಧಿಯಲ್ಲಿ ತಿರುಳಿದ್ದುದು ಸ್ಪಷ್ಟವಾಗುತ್ತದೆ.

ಆ ಪ್ರೋಟೀನಿಗೆ ಆಬ್ರಿನ್ ಎಂದು ಹೆಸರು. ಅದು ಜೀವಕೋಶದೊಳಗೆ ಪ್ರೋಟೀನು ತಯಾರಾಗುವ ರೈಬೋಸೋಮುಗಳನ್ನು ನಿಷ್ಕ್ರಿಯಗೊಳಿಸಿ ಕೋಶವನ್ನೇ ಸಾಯಿಸುತ್ತದೆ. ಹರಳು ಬೀಜದ ರೈಸಿನ್ ಇದರ ಹತ್ತಿರದ ಬಂಧು. ಗಟ್ಟಿಸಿಪ್ಪೆಯ ಇಡೀ ಬೀಜವನ್ನು ಮಗುವೊಂದು ನುಂಗಿದಾಗ ಅದು ಅನೇಕ ವೇಳೆ ಹಾಗೆಯೇ ಹೊರಬಂದುಬಿಡುತ್ತದೆ, ಆದರೆ ಅಗಿದ ಅಥವಾ ಮಣಿಯಾಗಿ ಪೋಣಿಸಲು ತೂತು ಕೊರೆದ ಬೀಜ ಪ್ರಾಣಕ್ಕೆ ಎರವಾಗಬಲ್ಲದು, ಮತ್ತು ಅದಕ್ಕೆ ನಿರ್ದಿಷ್ಟ ಪ್ರತ್ಯೌಷಧವಿಲ್ಲ. ಬ್ರಿಟಿಷರ ಕಾಲದ ವೈದ್ಯರು ಇದರ ಬೆನ್ನು ಹತ್ತಿದ್ದಕ್ಕೆ ಉತ್ತರ ಭಾರತದಲ್ಲಿ ಈ ಬೀಜದ ವಿಷದಿಂದ ದನಗಳನ್ನು ಕೊಂದ ಪ್ರಕರಣಗಳು ಕಾರಣವಾದವು. 1882ರಲ್ಲಿ ಪ್ಯಾರಿಸ್ಸಿನ ನೇತ್ರವೈದ್ಯ ದ ವೆಕರ್, ಬ್ರೆಜಿಲಿನ ಜನಪದ ಚಿಕಿತ್ಸೆಯನ್ನು ಅನುಸರಿಸಿ, ಬೀಜ ನೆನೆಸಿದ ನೀರನ್ನು ಟ್ರಕೋಮಾ ಎಂಬ ಕಣ್ಣಿನ ಕಾಯಿಲೆಗೆ ಬಳಸಿದ. ಆ ನೀರಿನ ಪ್ರಭಾವಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂದು ಯೂರೋಪಿನಲ್ಲಿ ವಾದ ಎದ್ದಾಗ, ಅದು ಜೀವಿಯಲ್ಲ, ಬೀಜದೊಳಗಿನ ಪ್ರೋಟೀನೇ ಎಂದು 1884ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯಲ್ಲಿದ್ದ ವಾರ್ಡನ್ ಮತ್ತು ವಾಡೆಲ್. 1891ರಲ್ಲಿ ಬರ್ಲಿನ್ನಿನ ಪಾಲ್ ಎರ್ಲಿಖ್ ಇಲಿಗಳಿಗೆ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಆಬ್ರಿನ್ನನ್ನು ಏರಿಸುತ್ತ ಕೊಟ್ಟು, ಅವು ಆ ಒಂದು ವಿಷಕ್ಕೆ ಮಾತ್ರ ರೋಧಶಕ್ತಿ ಪಡೆಯುವುದನ್ನು ಕಂಡ. ರೋಧಶಕ್ತಿಯು ಪ್ರತಿಯೊಂದು ವಿಷಕ್ಕೂ ಬೇರೆಬೇರೆಯೆಂಬ ತತ್ತ್ವ ಬೇರೂರಿದ್ದು ಈ ಪ್ರಯೋಗಗಳಿಂದ.

ತೂಕದ ಚರಿತ್ರೆ ಇದಕ್ಕಿಂತ ಬಹಳ ಹಳೆಯದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಐದು ಕೃಷ್ಣಲಕ್ಕೆ ಒಂದು ಮಾಷ, ಹದಿನಾರು ಮಾಷಕ್ಕೆ ಒಂದು ಸುವರ್ಣ ಎಂಬ ಲೆಕ್ಕವಿದೆ. ಕೌಟಿಲ್ಯನ ಅರ್ಥಶಾಸ್ತ್ರವೂ ಬಂಗಾರದ ಒಂದು ಮಾಷಕ್ಕೆ ಐದು ಗುಂಜೆಯೆಂದೇ ಹೇಳುತ್ತದೆ. ಕನ್ನಡ ನಾಡಿಗೆ ಹತ್ತಿರದ ಸಾಕ್ಷಿಯೆಂದರೆ 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನು ಬರೆದ ಗಣಿತಸಾರಸಂಗ್ರಹ. ಅದರಲ್ಲಿ ಐದು ಗುಂಜೆಗೆ ಒಂದು ಪಣ, ಎಂಟು ಪಣಕ್ಕೆ ಒಂದು ಧರಣ, ಎರಡು ಧರಣಕ್ಕೆ ಒಂದು ಕರ್ಷ. ಅಂದರೆ ಮನುವಿನ ಸುವರ್ಣದಂತೆಯೇ ಕರ್ಷಕ್ಕೂ 80 ಗುಂಜೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಕೊಡುವ ಕೋಷ್ಟಕ ಬೇರೆಯದು: ಎರಡು ಜವೆಕಾಳಿಗೆ ಒಂದು ಗುಂಜೆ, ಮೂರು ಗುಂಜೆಗೆ ಒಂದು ವಲ್ಲ, ಎಂಟು ವಲ್ಲಕ್ಕೆ ಒಂದು ಧರಣ, ಎರಡು ಧರಣಕ್ಕೆ ಒಂದು ಗದ್ಯಾಣಕ, ಗದ್ಯಾಣಕಕ್ಕೆ 48 ಗುಂಜೆ.

ಗದ್ಯಾಣವೆಂಬ ಹೆಸರು ಹರಿಹರದ ಓದುಗರಿಗೆ ಹೊಸದಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಾಲದಲ್ಲಿ ದಾನ, ಸುಂಕ, ದಂಡಗಳೆಲ್ಲ ಗದ್ಯಾಣ, ಪಣ, ಪಣದ ಕಾಲುಭಾಗವಾದ ಹಾಗ, ಹದಿನಾರನೆಯ ಒಂದು ಭಾಗವಾದ ವೀಸಗಳ ಲೆಕ್ಕದಲ್ಲಿ ನಡೆಯುತ್ತಿದ್ದವು. ಆದರೆ ಹೊಯ್ಸಳರ ಕಾಲದ ಬಂಗಾರದ ಗದ್ಯಾಣ ನಾಣ್ಯಗಳು ಇಂದಿನ ಲೆಕ್ಕದಲ್ಲಿ ನಾಲ್ಕು ಗ್ರಾಂ ಆಸುಪಾಸಿನಲ್ಲಿ ತೂಗುತ್ತವೆ, ಅದು 48 ಗುಲಗಂಜಿಗಳಿಗಲ್ಲ, ಸುಮಾರು 33ಕ್ಕೆ ಸಮನಾಗುತ್ತದೆ. ಗ್ರಂಥದ ಗದ್ಯಾಣವೂ ಟಂಕಸಾಲೆಯ ಗದ್ಯಾಣವೂ ಒಂದೇ ಆಗಿರಲಿಲ್ಲ. ಪ್ರದೇಶದಿಂದ ಪ್ರದೇಶಕ್ಕೆ, ಅರಸನಿಂದ ಅರಸನಿಗೆ ದೊಡ್ಡ ಮಾನಗಳು ಬದಲಾದವು. ಎಲ್ಲ ಕೋಷ್ಟಕಗಳಲ್ಲಿಯೂ ಕದಲದೆ ಉಳಿದದ್ದು ಗುಂಜೆಯೊಂದೇ, ಏಕೆಂದರೆ ಅದನ್ನು ಯಾವ ಅರಸನೂ ಅಚ್ಚು ಹಾಕಿಸಬೇಕಾಗಿರಲಿಲ್ಲ. ವಿಜಯನಗರದ ವರಹ ಸುಮಾರು 3.4 ಗ್ರಾಂ, ಅಂದರೆ 28 ಗುಲಗಂಜಿ. 1638ರಿಂದ 1659ರವರೆಗೆ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಹೆಸರಿನ ಪುಟ್ಟ ಕಂಠೀರವಿ ಹಣವು ಮೂರು ಗುಲಗಂಜಿಗಳ ಆಸುಪಾಸಿನದು.

ಹಾಗಾದರೆ ಒಂದು ಗುಲಗಂಜಿಯ ತೂಕವೆಷ್ಟು ಎಂಬ ಪ್ರಶ್ನೆಗೆ 19ನೆಯ ಶತಮಾನದ ವಿದ್ವಾಂಸರು ಒಂದೇ ಉತ್ತರ ಕೊಡಲಿಲ್ಲ. ಎಡ್ವರ್ಡ್ ಥಾಮಸ್ 1.75 ಗ್ರೇನ್ ಎಂದ, ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ 1.83 ಗ್ರೇನ್ ಎಂದ. ಗ್ರೇನ್ ಎಂಬುದು ಹಳೆಯ ಇಂಗ್ಲಿಷ್ ತೂಕ, ಒಂದು ಗ್ರಾಮಿಗೆ ಹದಿನೈದೂವರೆಗೆ ಸ್ವಲ್ಪ ಕಡಿಮೆ. ಈಸ್ಟ್ ಇಂಡಿಯಾ ಕಂಪನಿಯು 1833ರಲ್ಲಿ ತೊಲವನ್ನು 180 ಗ್ರೇನಿಗೆ ನಿಗದಿಪಡಿಸಿತು. ತೊಲಕ್ಕೆ 12 ಮಾಷ, ಮಾಷಕ್ಕೆ 8 ರತ್ತಿ ಎಂಬ ರೂಢಿಯ ಲೆಕ್ಕದಂತೆ 96 ರತ್ತಿಗೆ ಹಂಚಿದರೆ ಒಂದಕ್ಕೆ 1.875 ಗ್ರೇನ್, ಅಂದರೆ 0.1215 ಗ್ರಾಂ ಬರುತ್ತದೆ. ಥಾಮಸನ ಅಂಕಿಯನ್ನು ಹಿಡಿದರೆ ಅದೇ ರತ್ತಿ 0.1134 ಗ್ರಾಂ. ಕಣ್ಣಿಗೆ ಬೀಳದ ಈ ಅಂತರ 96 ಬೀಜಗಳ ಒಂದು ತೊಲದಲ್ಲಿ ಮುಕ್ಕಾಲು ಗ್ರಾಮಿಗೂ ಹೆಚ್ಚು ಬಂಗಾರವಾಗುತ್ತದೆ, ಒಂದು ಮೂಗುಬೊಟ್ಟಿಗೆ ಸಾಕಾಗುವಷ್ಟು.

ಈ ಅಂತರಕ್ಕೆ ಕಾರಣ ಬಳ್ಳಿಯಲ್ಲಿಯೇ ಇದೆ. ನೆಲ, ಮಳೆ, ಕಾಯಿಯೊಳಗೆ ಬೀಜ ಕೂತ ಜಾಗ ಇವುಗಳಿಗೆ ತಕ್ಕಂತೆ ಒಂದೇ ಬಳ್ಳಿಯ ಬೀಜಗಳೂ ಹೆಚ್ಚುಕಡಿಮೆ ತೂಗುತ್ತವೆ. ಪ್ರಕೃತಿಯು ಗುಲಗಂಜಿಗಳನ್ನೆಲ್ಲ ಒಂದೇ ತೂಕಕ್ಕೆ ಸೃಷ್ಟಿಸಿದೆಯೆಂಬ ಜನಪ್ರಿಯ ಮಾತು ನಿಜವಲ್ಲ. ಬೀಜಕ್ಕಿರುವ ನಿಜವಾದ ಸದ್ಗುಣ ಬೇರೆ: ಅದರ ಸಿಪ್ಪೆ ಎಷ್ಟು ಬಿಗಿಯೆಂದರೆ ನೀರು ಒಳಹೋಗುವುದಿಲ್ಲ, ಆದುದರಿಂದ ಮಳೆಗಾಲದ ಥಂಡಿಗೂ ಬೇಸಗೆಯ ಧಗೆಗೂ ಅದರ ತೂಕ ಕದಲುವುದಿಲ್ಲ, ಹುಳು ಬೀಳುವುದೂ ಅಪರೂಪ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೂ ಹೊಳಪು ಮಾಸುವುದಿಲ್ಲ. ಭತ್ತ, ಜವೆ, ಉದ್ದುಗಳಿಗೆ ಈ ಗುಣವಿಲ್ಲ. ಒಂದೇ ತೂಕದ ಬೀಜಗಳನ್ನು ಒಟ್ಟುಗೂಡಿಸುವ ಕೆಲಸವನ್ನು ಮಾತ್ರ ಮನುಷ್ಯನ ಕಣ್ಣೇ ಮಾಡಬೇಕಾಗಿತ್ತು: ಸುಕ್ಕಾದದ್ದು, ಎಳೆಯದು, ಕಪ್ಪು ತೆಳುವಾದದ್ದು, ಚಪ್ಪಟೆಯಾದದ್ದು ಎಲ್ಲವನ್ನೂ ಬಿಟ್ಟು ದುಂಡಗೆ ಬಲಿತದ್ದನ್ನು ಇಟ್ಟುಕೊಳ್ಳಬೇಕು, ಬಳಿಕ ಒಂದಕ್ಕೊಂದನ್ನು ಎರಡು ತಟ್ಟೆಗಳಲ್ಲಿಟ್ಟು ಸರಿತೂಗುವವನ್ನು ಆರಿಸಬೇಕು. ಬೇಲಿಯ ಬಳಿಯ ಮೊದಲ ಆಯ್ಕೆ ಮತ್ತು ಚಿನಿವಾರನ ಎರಡನೆಯ ಆಯ್ಕೆ ಸೇರಿ ಕಾಡುಬೀಜವನ್ನು ಮಾನವನ್ನಾಗಿ ಮಾಡುತ್ತಿದ್ದವು.

ಪತ್ತಾರನಿಗೆ ಗುಲಗಂಜಿ ತಕ್ಕಡಿಯ ಆಚೆಗೂ ಬೇಕಾಗಿತ್ತು. ಸಿಪ್ಪೆ ತೆಗೆದ ಬೀಜವನ್ನು ತೇದ ಅಂಟಿನಿಂದ ಬಂಗಾರದ ಸಣ್ಣ ಗುಂಡುಗಳನ್ನೂ ಎಳೆತಂತಿಗಳನ್ನೂ ಒಡವೆಯ ಮೇಲೆ ಅವುಗಳ ಜಾಗದಲ್ಲಿ ಕೂರಿಸಿ, ಬಿಳಿಗಾರ ಹಚ್ಚಿ, ಊದುಗೊಳವೆಯ ಉರಿಯಲ್ಲಿ ಬೆಸುಗೆ ಹಾಕುತ್ತಿದ್ದರು. ಉರಿ ತಗುಲಿದಾಗ ಅಂಟು ಉರಿದು ಹೋಗಿ ಬೆಸುಗೆ ಉಳಿಯುತ್ತದೆ. ಜಾರ್ಜ್ ವಾಟ್ ಸಂಪಾದಿಸಿದ ಭಾರತದ ಆರ್ಥಿಕ ಉತ್ಪನ್ನಗಳ ನಿಘಂಟು, 1889ರಿಂದ ಹೊರಬಂದ ಮಹಾಗ್ರಂಥ, ನಾಜೂಕಿನ ಒಡವೆಗಳ ಭಾಗಗಳನ್ನು ಅಂಟಿಸಲು ಅಕ್ಕಸಾಲಿಗಳು ಈ ಬೀಜದ ಪುಡಿಯನ್ನು ಬಳಸುವುದನ್ನು ದಾಖಲಿಸಿದೆ. ಹೀಗೆ ಕೊರಳ ಸರದ ಒಂದು ಗುಂಡನ್ನು ಹಿಡಿದು ನಿಲ್ಲಿಸಿದ್ದೂ, ಆ ಸರವನ್ನು ತೂಗಿದ್ದೂ ಒಂದೇ ಬಳ್ಳಿ.

ಈ ಕಸುಬುಗಳು ದಾವಣಗೆರೆಯಲ್ಲಿ ಬೇರುಬಿಟ್ಟದ್ದು 18ನೆಯ ಶತಮಾನದಲ್ಲಿ ಊರೇ ಪೇಟೆಯಾದಾಗ. ಅದಕ್ಕೆ ಮೊದಲು ಅದು ಬೇತೂರಿನ ಸೆರಗಿನ ಚಿಕ್ಕ ಹಳ್ಳಿ. ಹೈದರ್ ಅಲಿಯಿಂದ ಜಹಗೀರಿಯಾಗಿ ಪಡೆದ ಮರಾಠ ಸರದಾರ ಅಪೋಜಿ ರಾಮ ಇಲ್ಲಿಗೆ ವರ್ತಕರನ್ನು ಕರೆತಂದು ನೆಲೆಗೊಳಿಸಿದ. ಅವನು ವಾರಸುದಾರರಿಲ್ಲದೆ ತೀರಿಕೊಂಡ ಮೇಲೆ ಟಿಪ್ಪು ಸುಲ್ತಾನನೂ ಆ ಪ್ರೋತ್ಸಾಹವನ್ನು ಮುಂದುವರಿಸಿದ. ಮಲೆನಾಡಿನ ಅಡಿಕೆ ಮತ್ತು ಮೆಣಸು ಇಲ್ಲಿ ಕೈ ಬದಲಿಸಿ ದೂರದ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದವು, ಅಲ್ಲಿಂದ ಪೂರ್ವಕರಾವಳಿಯ ಸರಕು ಬರುತ್ತಿತ್ತು. 1801ರಲ್ಲಿ ಹರಿಹರ ಮತ್ತು ದಾವಣಗೆರೆಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, ಸ್ವತಃ ಸಸ್ಯಶಾಸ್ತ್ರಜ್ಞನಾಗಿದ್ದರೂ, ಇಲ್ಲಿ ಹೆಚ್ಚು ಗಮನಿಸಿದ್ದು ಕಂಬಳಿಯ ನೇಯ್ಗೆಯನ್ನು. ಈ ಸೀಮೆಯ ಅತ್ಯಂತ ನಯವಾದ ಕಂಬಳಿಗಳು 200ರಿಂದ 300 ರೂಪಾಯಿಗಳವರೆಗೆ ಬೆಲೆಬಾಳುತ್ತಿದ್ದುದನ್ನು ಅನಂತರದ ಗ್ಯಾಸೆಟಿಯರುಗಳೂ ಹೇಳುತ್ತವೆ. ಇಷ್ಟು ಹಣ ಓಡಾಡುವ, ಕಂಠೀರವಿ ಹಣ, ಬಹಾದ್ದೂರಿ ವರಹ, ಕಂಪನಿಯ ರೂಪಾಯಿ ಎಲ್ಲವೂ ಬಂದು ಬೀಳುವ ಊರಿನಲ್ಲಿ ನಾಣ್ಯವನ್ನು ಎಣಿಸುವುದು ಸಾಲದು, ತೂಗಲೇಬೇಕು. ಅಂಚು ಸವೆದ, ಕತ್ತರಿಸಿದ ಹಣದ ಬೆಲೆ ಒರೆಗಲ್ಲು ಮತ್ತು ಗುಲಗಂಜಿಗಳಿಂದ ಮಾತ್ರ ತೀರ್ಮಾನವಾಗುತ್ತಿತ್ತು. 1880ರ ದಶಕದಲ್ಲಿ ರೈಲುಮಾರ್ಗ ಹರಿಹರದವರೆಗೆ ಬಂದು ವ್ಯಾಪಾರ ಹಿಗ್ಗಿದಾಗ ರೂಪಾಯಿಯೊಂದೇ ನಾಣ್ಯವಾಗಿ ಉಳಿದು, ನಾಣ್ಯ ತೂಗುವ ಕೆಲಸ ತಪ್ಪಿತು. ಒಡವೆ ತೂಗುವುದು ಮಾತ್ರ ಉಳಿಯಿತು.

ಅದಕ್ಕೂ ಕೊನೆ ಬಂದದ್ದು ಕಾನೂನಿನಿಂದ. 1956ರ ತೂಕ ಮತ್ತು ಅಳತೆಗಳ ಕಾಯಿದೆಯಂತೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಗೆ ಬಂದು, 1962ರ ಏಪ್ರಿಲ್ ಹೊತ್ತಿಗೆ ಮಣ, ಸೇರು, ತೊಲಗಳ ಜೊತೆಗೆ ಗುಲಗಂಜಿಯೂ ಅಧಿಕೃತ ವ್ಯವಹಾರದಿಂದ ಹೊರಬಿದ್ದಿತು. ಗ್ರಾಂ ಮತ್ತು ಮಿಲಿಗ್ರಾಮಿನ ತೂಕ ಕೊಳ್ಳುವವನಿಗೆ ನ್ಯಾಯವಾದದ್ದು, ಮೋಸಕ್ಕೆ ಎಡೆ ಕಡಿಮೆ ಮಾಡಿದ್ದು. ಆ ಬದಲಾವಣೆಯ ಬಗ್ಗೆ ಕೊರಗಬೇಕಾಗಿಲ್ಲ. ಆದರೆ ಮರುವರ್ಷ, 1963ರ ಜನವರಿಯಲ್ಲಿ, ಚೀನಾ ಯುದ್ಧದ ಬೆನ್ನಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳು ಹೊಸ ಒಡವೆಗಳನ್ನು 14 ಕ್ಯಾರೆಟ್ಟಿಗೆ ಮಿತಿಗೊಳಿಸಿದಾಗ ದೇಶದಾದ್ಯಂತ ಅಕ್ಕಸಾಲಿಗಳ ಅಗ್ಗಿಷ್ಟಿಕೆಗಳು ಆರಿದವು, ಅನೇಕರು ಕಸುಬನ್ನೇ ಬಿಟ್ಟರು. 1968ರಲ್ಲಿ ಕಾಯಿದೆಯ ರೂಪ ಪಡೆದ ಈ ನಿಯಂತ್ರಣ ರದ್ದಾದದ್ದು 1990ರಲ್ಲಿ. ತೂಕ ಬದಲಾದದ್ದರಿಂದ ಬೀಜ ಮಾತ್ರ ಮೂಲೆಗೆ ಸೇರಿದ್ದರೆ, ನಿಯಂತ್ರಣದಿಂದ ಬೀಜವನ್ನು ಆರಿಸುವುದನ್ನು ಮಗನಿಗೆ ಕಲಿಸಬೇಕಾದ ತಂದೆಯೇ ಕುಲುಮೆಯ ಮುಂದಿನಿಂದ ಎದ್ದುಹೋಗಬೇಕಾಯಿತು.

ಅದೇ ಕಾಲಕ್ಕೆ ಬೇಲಿಯೂ ಬದಲಾಗುತ್ತಿತ್ತು. ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಗಳು 1960ರ ದಶಕದಲ್ಲಿ ದಾವಣಗೆರೆ ಮತ್ತು ಹರಿಹರದ ಹೊಲಗಳಿಗೆ ನೀರು ತಂದಾಗ ಜೋಳ, ಹತ್ತಿಯ ನೆಲ ಭತ್ತದ ಗದ್ದೆಯಾಯಿತು. ಕಳ್ಳಿಯ ಬೇಲಿ ಕಿತ್ತು ಬದು ಕಟ್ಟಿದರು. ಒಣಬೇಲಿಯನ್ನು ನೆಚ್ಚಿದ್ದ ಹಂಬು ಗುಡ್ಡಗಳ ಕಡೆಗೆ ಸರಿಯಿತು. ಗುಡ್ಡವನ್ನು ಬಲ್ಲ ಜನರ ಬದುಕೂ ಆಗಲೇ ಮಗ್ಗುಲು ಬದಲಿಸಿತು. ಚನ್ನಗಿರಿ ತಾಲ್ಲೂಕಿನಲ್ಲಿ ನೆಲೆಸಿರುವ, ವಾಗ್ರಿ ಮಾತನಾಡುವ ಹಕ್ಕಿಪಿಕ್ಕಿ ಬುಡಕಟ್ಟಿನವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಹಕ್ಕಿ ಹಿಡಿಯುವ ಕುಲಕಸುಬು ನಿಂತುಹೋಗಿ, ಮಣಿಸರ, ಬೇರುನಾರು, ಗಿಡಮೂಲಿಕೆಯ ಎಣ್ಣೆಗಳ ಮಾರಾಟವೇ ಆಸರೆಯಾಯಿತು. ಆ ಸರಕನ್ನು ಹೊತ್ತು ಅವರು ಆಫ್ರಿಕಾದವರೆಗೂ ಹೋಗುತ್ತಿದ್ದುದು ನಾಡಿಗೆಲ್ಲ ತಿಳಿದದ್ದು 2023ರ ಏಪ್ರಿಲಿನಲ್ಲಿ, ಸುಡಾನಿನ ಯುದ್ಧದ ನಡುವೆ ಸಿಲುಕಿದ ಕರ್ನಾಟಕದ ಹಕ್ಕಿಪಿಕ್ಕಿಗಳನ್ನು ಮರಳಿ ಕರೆತರಬೇಕಾದಾಗ. ಗಿಡಬಳ್ಳಿಗಳ ಅರಿವನ್ನೇ ಬಂಡವಾಳವಾಗಿಸಿಕೊಂಡ ಸಮುದಾಯವೊಂದು ಜಿಲ್ಲೆಯೊಳಗೇ ಇದ್ದರೂ, ಆ ಅರಿವನ್ನು ಅವರ ಮಾತಿನಲ್ಲಿಯೇ ಬರೆದಿಡುವ ಕೆಲಸಕ್ಕೆ ವಿಶ್ವವಿದ್ಯಾಲಯಗಳು ಇನ್ನೂ ಹೆಚ್ಚಿನ ಮನಸ್ಸು ಕೊಡಬೇಕಾಗಿದೆ.

ಇಂದು ಮಂಡಿಪೇಟೆಯ ಸುತ್ತಿನ ಚಿನ್ನಬೆಳ್ಳಿಯ ಅಂಗಡಿಗಳಲ್ಲಿ ಗಾಜಿನ ಗೂಡಿನೊಳಗಿನ ವಿದ್ಯುತ್ ತಕ್ಕಡಿ ಮಿಲಿಗ್ರಾಂವರೆಗೆ ತೋರಿಸುತ್ತದೆ. ಗುಲಗಂಜಿ ಉಳಿದಿರುವುದು ಗ್ರಂಧಿಗೆ ಅಂಗಡಿಯ ಡಬ್ಬಿಗಳಲ್ಲಿ, ಬಾಯಿಹುಣ್ಣಿಗೆ ಸೊಪ್ಪು ಹುಡುಕುವ ಅಜ್ಜಿಯರ ನೆನಪಿನಲ್ಲಿ ಮತ್ತು ಮಾತಿನಲ್ಲಿ. ಲೆಕ್ಕ ಸರಿಯಾಗಿದೆಯೆಂದು ಹೇಳಬೇಕಾದ ವರ್ತಕನು ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಿಲ್ಲ ಎಂದು ಈಗಲೂ ಹೇಳುತ್ತಾನೆ. ಕೊಂಡಜ್ಜಿಯ ಗುಡ್ಡದ ಪೊದೆಗಳಲ್ಲಿ ಪುಷ್ಯದ ಚಳಿಗೆ ಕಾಯಿ ಸಿಡಿದು, ತೂಗುವವರಿಲ್ಲದ ಕೆಂಪು ಬೀಜಗಳು ಹೋಳಿನ ಅಂಚಿಗೆ ಅಂಟಿಕೊಂಡು ಹಕ್ಕಿಗಳಿಗಾಗಿ ಕಾದಿರುತ್ತವೆ.